ಹದಿನಾಲ್ಕನೇ ಕಿಲೋಮೀಟರಿನ ವೈಕಿಂಗಮ್ಮ

ಊರು ಬಿಟ್ಟು ಹೋದವನಿಗೆ ಹೆಸರು, ಬಿಡದೆ ಕೂತವನಿಗೆ ಬರೀ ಉಸಿರು. ಇದಕ್ಕೆ ಸಾಕ್ಷಿ ಬೇಕಾದವರು ನ್ಯೂಫೌಂಡ್‌ಲ್ಯಾಂಡಿನ ಉತ್ತರದ ತುದಿಗೆ ಕಡಲಂಚಿನಲ್ಲೇ ಓಡುವ ಹೆದ್ದಾರಿಯನ್ನು ನೋಡಬಹುದು. ಸಾವಿರ ವರ್ಷದ ಹಿಂದೆ ವೈಕಿಂಗರೆಂಬ ಗಡ್ಡದ ಜನ ದೋಣಿಯಲ್ಲಿ ಬಂದು, ಈ ರಸ್ತೆಯ ಕೊನೆಯಲ್ಲಿ (ಆಗ ರಸ್ತೆ ಇರಲಿಲ್ಲವೆಂಬುದು ಬೇರೆ ಮಾತು) ಹುಲ್ಲುಹೆಂಟೆಯ ಮನೆ ಕಟ್ಟಿ, ನಾಲ್ಕಾರು ಚಳಿಗಾಲ ಗಡಗಡ ನಡುಗಿ, ಇದು ನಮ್ಮ ಕೈಲಾಗುವ ಊರಲ್ಲವೆಂದು ಎದ್ದು ಹೋದರು. ಅವರ ಮನೆ ಕುಸಿದ ದಿಬ್ಬಗಳನ್ನು ನೋಡಲು ಲೋಕವೇ ಬರುತ್ತದೆ. ಅದೇ ಚಳಿಯಲ್ಲಿ ಇನ್ನೂರು ವರ್ಷದಿಂದ ಅಲ್ಲಾಡದೆ ಕೂತಿರುವ ಕೆಟಲ್ ಟಿಕಲ್ ಎಂಬ ಮೂವತ್ತೆಂಟು ಮನೆಯ ಊರಿನವರಿಗೆ ಸಿಕ್ಕಿದ್ದು, ಆ ಕಾರುಗಳು ಎಬ್ಬಿಸಿ ಹೋಗುವ ಗಾಳಿ. ಬಂದವರು ಗಡ್ಡ ನೋಡುತ್ತಾರೆ, ಇದ್ದವರು ಗಡ್ಡೆ ಬೆಳೆಯುತ್ತಾರೆ. ನಡುವೆ ಒಂದು ಎತ್ವದಷ್ಟೇ ದೂರ, ಆದರೂ ಯಾರೂ ಕಾರು ನಿಲ್ಲಿಸುವುದಿಲ್ಲ.

ಗಡ್ಡೆಯೆಂದರೆ ಆಲೂಗಡ್ಡೆ. ಕೆಟಲ್ ಟಿಕಲ್ ಪೂರ್ತಿ ಬಂಡೆ. ಅಲ್ಲಿ ಮನೆಯ ಪಕ್ಕ ಹಿತ್ತಿಲಿರುವುದಿಲ್ಲ, ಕಡಲಿರುತ್ತದೆ. ಹೆದ್ದಾರಿ ಹಾಕಿದ ಕಾಲದಲ್ಲಿ ಯಂತ್ರಗಳು ಕೆರೆದು ಪಕ್ಕಕ್ಕೆ ಎಸೆದ ಮಣ್ಣನ್ನು ಕಂಡ ಊರಿನವರಿಗೆ ನಿಧಿ ಕಂಡಂತಾಯಿತು. ರಸ್ತೆಯ ಅಂಚಿನಲ್ಲಿ, ಮನೆಯಿಂದ ಹತ್ತು, ಹದಿನೈದು, ಇಪ್ಪತ್ತು ಕಿಲೋಮೀಟರು ಆಚೆ, ಸಿಕ್ಕಿದಲ್ಲಿ ಕಡ್ಡಿಬೇಲಿ ಹಾಕಿ ತೋಟ ಮಾಡಿಕೊಂಡರು. ಬೀಗವಿಲ್ಲ, ಕಾವಲಿಲ್ಲ, ಬೆದರುಗೊಂಬೆಯೂ ಇಲ್ಲ. ಐವತ್ತು ವರ್ಷದಲ್ಲಿ ಒಬ್ಬರ ತೋಟದ ಒಂದು ಕ್ಯಾರೆಟ್ಟನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ. ಕಡವೆಯ ಜಾತಿಯ ಮೂಸ್ ಮಾತ್ರ ಬಂದು ಎಲೆಕೋಸು ತಿನ್ನುತ್ತದೆ. ಅದು ಬೈಬಲ್ ಓದಿಲ್ಲವೆಂದು ಕ್ಷಮೆ ಉಂಟು.

ಹೀಗಾಗಿ ಆ ಊರಿನಲ್ಲಿ ಕದಿಯುವುದು ದೊಡ್ಡ ಪಾಪವಾಗಿರಲಿಲ್ಲ, ಯಾರೂ ಮಾಡಿರಲಿಲ್ಲವಲ್ಲ. ದೊಡ್ಡ ಪಾಪವೆಂದರೆ, ಇನ್ನೊಬ್ಬನಿಗೆ ನೀನು ಕದ್ದೆ ಎನ್ನುವುದು. ಅದನ್ನು ಮಾಡಿದವನು ಒಬ್ಬನೇ. ಎಸಾವ್ ಪಿಲ್‌ಗ್ರಿಮ್.

ಪಿಲ್‌ಗ್ರಿಮ್ ಎಂದರೆ ಯಾತ್ರಿಕ. ಹೆಸರಿಗೆ ಹೀಗಿದ್ದ ಎಸಾವ್ ಅರವತ್ತೆಂಟು ವರ್ಷದಲ್ಲಿ ಮಾಡಿದ ಅತಿ ದೂರದ ಯಾತ್ರೆ ತಾಲ್ಲೂಕಾಸ್ಪತ್ರೆಗೆ. ಹನ್ನೊಂದು ವರ್ಷದ ಹಿಂದೆ, ಆಗಸ್ಟಿನಲ್ಲಿ, ಹೆಂಡತಿ ಡಾರ್ಕಸ್ಸಳನ್ನು ಕರೆದುಕೊಂಡು ಹೋದವನು ಒಬ್ಬನೇ ವಾಪಸಾಗಿದ್ದ. ಹದಿನಾಲ್ಕನೇ ಕಿಲೋಮೀಟರಿನ ತೋಟದಲ್ಲಿ ನಾಲ್ಕು ಪಾತಿಗಳು; ಕೊನೆಯದು ಅವಳದು. ಸೆಪ್ಟೆಂಬರಿನಲ್ಲಿ ಆ ಪಾತಿಯ ಮೇಲೆ ಗೊಬ್ಬರಕ್ಕೆಂದು ಗಾಡಿಗಟ್ಟಲೆ ಕಡಲಪಾಚಿ ಸುರಿದ. ಸುರಿದ, ಸುರಿದ, ಸಾಕೆನಿಸುವವರೆಗೆ ಸುರಿದ. ಮತ್ತೆ ಅದಕ್ಕೆ ಗುದ್ದಲಿ ಹಾಕಲು ಮನಸ್ಸು ಬರಲಿಲ್ಲ. ಅದು ಹುಲ್ಲು ಬೆಳೆದು ದಿಬ್ಬವಾಯಿತು.

ಅದೇ ವಾರ ಡಾರ್ಕಸ್ಸಳ ನಾಲ್ಕು ಹಲ್ಲಿನ ಕವೆಗುದ್ದಲಿ ಕಾಣೆಯಾಯಿತು. ಎಸಾವ್ ಹುಡುಕಿದ. ಸಿಗಲಿಲ್ಲ. ಬ್ಲಾಂಚ್ ಸಿಮ್ಸಳ ಅಂಗಡಿಯಲ್ಲಿ ನಿಂತು, ಹಾಲಿನ ಡಬ್ಬಿ ನೋಡುತ್ತ, "ಆ ಜಾಗದಲ್ಲಿ ಓಡಾಡೋರು ಇಬ್ಬರೇ. ಒಬ್ಬ ನಾನು," ಎಂದ. ಇನ್ನೊಬ್ಬ, ಹತ್ತಡಿ ಆಚೆಯ ತೋಟದ ಹ್ಯೂಬರ್ಟ್ ಡೆಕರ್. ನಲವತ್ತು ವರ್ಷ ಒಂದೇ ದೋಣಿಯಲ್ಲಿ ಮೀನು ಹಿಡಿದ ಜೊತೆಗಾರ. ಎಸಾವ್ ಹಾಲಿನ ಡಬ್ಬಿ ಹಿಡಿದು ಮನೆ ಸೇರುವ ಮೊದಲೇ ಮಾತು ಹ್ಯೂಬರ್ಟನ ಮನೆ ಸೇರಿ ಬೂಟು ಬಿಚ್ಚಿ ಕೂತಿತ್ತು.

ಅಂದಿನಿಂದ ಇಬ್ಬರೂ ಹತ್ತಡಿ ಅಂತರದಲ್ಲಿ ಬಿತ್ತಿದರು, ಕಳೆ ಕಿತ್ತರು, ಅಗೆದರು. ಮಾತಿಲ್ಲ. ಹ್ಯೂಬರ್ಟ್ ಕೆಮ್ಮಿದರೆ ಎಸಾವನಿಗೆ ಕೇಳುತ್ತಿತ್ತು. ಎಸಾವ್ ಕೆಮ್ಮಿದರೆ ಹ್ಯೂಬರ್ಟ್ ಕೇಳಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಎಸಾವನ ಸಂಗಾತಿ ಎಂದರೆ ರೇಡಿಯೋದ ಹವಾಮಾನದವನು. "ಗಾಳಿ ವಾಯವ್ಯದಿಂದ," ಎಂದು ಅವನೆಂದರೆ, "ಹೌದಾ ಮಾರಾಯ, ನಿಮ್ಮ ಕಡೆ ಹೇಗೆ?" ಎಂದು ಎಸಾವ್ ಕೇಳುತ್ತಿದ್ದ. ಅವನು ಬೇರೆ ಊರಿನ ಗಾಳಿಯ ವಿಷಯಕ್ಕೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಜುಲೈಯಲ್ಲಿ ಒಂದು ಕಾರು ನಿಂತಿತು. ಒಂಟಾರಿಯೋದ ನಿವೃತ್ತ ದಂಪತಿ. ಹೆಂಗಸಿನ ಕೈಯಲ್ಲಿ ಪ್ರವಾಸದ ಪುಸ್ತಕ, ಗಂಡಸಿನ ಕೊರಳಲ್ಲಿ ಕ್ಯಾಮೆರಾ. ಅವರ ಕಣ್ಣು ಕಳೆ ಕೀಳುತ್ತಿದ್ದ ಎಸಾವನ ಮೇಲಲ್ಲ, ಹುಲ್ಲಿನ ದಿಬ್ಬದ ಮೇಲೆ.

"ಇದೂ ಆ ವೈಕಿಂಗರದ್ದೇನಾ?" ಎಂದಳು ಆಕೆ.

ಇಲ್ಲ ಎಂದರೆ ಎರಡು ನಿಮಿಷದಲ್ಲಿ ಕಾರು ಹೋಗುತ್ತಿತ್ತು. ಇದು ಎಸಾವನಿಗೆ ಗೊತ್ತಿತ್ತು. ಸುಳ್ಳು ಹೇಳಿ ಅಭ್ಯಾಸವೂ ಇರಲಿಲ್ಲ. ಆದ್ದರಿಂದ ಅವನು ಸತ್ಯದಲ್ಲೇ ಕಾರು ನಿಲ್ಲಿಸಿದ.

"ಒಬ್ಬ ಹೆಂಗಸಿನ ಕೈಕೆಲಸ ಅದು," ಎಂದ.

ಹೆಂಗಸು! ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಪುಸ್ತಕದಲ್ಲಿ ಇದಿರಲಿಲ್ಲ. ಎಂಥ ಹೆಂಗಸು ಎಂದು ಕೇಳಿದರು. ಎತ್ತರದವಳು ಎಂದ ಎಸಾವ್. ಕೆಲಸ ಮಾಡುತ್ತ ಹಾಡುತ್ತಿದ್ದಳು. ಈರುಳ್ಳಿ ಕಂಡರೆ ಆಗುತ್ತಿರಲಿಲ್ಲ. ಗಂಡ ಕಡಲಿಗೆ ಹೋದರೆ ವಾಪಸು ಬರುವವರೆಗೆ ಒಲೆ ಆರಲು ಬಿಡುತ್ತಿರಲಿಲ್ಲ. ಇಷ್ಟೆಲ್ಲ ಹೇಗೆ ತಿಳಿಯಿತು ಎಂದು ಗಂಡಸು ಮೆಲ್ಲಗೆ ಕೇಳಿದ. "ಇಲ್ಲಿಯವರಿಗೆ ಗೊತ್ತಿರುತ್ತೆ," ಎಂದ ಎಸಾವ್. ಜಾನಪದ ಸ್ಮೃತಿ ಎಂದು ಆಕೆ ಬರೆದುಕೊಂಡಳು. ಸಾವಿರ ವರ್ಷ ಬಾಯಿಂದ ಬಾಯಿಗೆ ಸಾಗಿಬಂದ ಸ್ಮೃತಿ, ಈರುಳ್ಳಿ ಸಮೇತ! ಅವರು ಎರಡು ಗಂಟೆ ಕೂತರು. ಫ್ಲಾಸ್ಕಿನ ಚಹಾ ಮೂವರಿಗೆ ಹಂಚಿದರು.

ಮರುದಿನ ಎಸಾವ್ ಮನೆಯಿಂದ ಎರಡು ಕುರ್ಚಿ ತಂದು ದಿಬ್ಬದ ಪಕ್ಕ ಇಟ್ಟ.

ಆ ದಂಪತಿ ಇಂಟರ್‌ನೆಟ್ಟಿನಲ್ಲಿ ಅದೇನು ಹಾಕಿದರೋ, ಆಗಸ್ಟಿನ ಹೊತ್ತಿಗೆ ದಿನಕ್ಕೆ ಆರೇಳು ಕಾರು ನಿಲ್ಲತೊಡಗಿದವು. ಬಂದವರು ದಿಬ್ಬಕ್ಕೆ ಕೈಮುಗಿಯುವುದೊಂದು ಬಾಕಿ. ಬ್ಲಾಂಚಳ ಅಂಗಡಿಯಲ್ಲಿ ಇದೇ ಮಾತು. ಎಸಾವ್ ವೈಕಿಂಗಮ್ಮನ ಪೂಜಾರಿಯಾಗಿದ್ದಾನೆ, ಇನ್ನು ಗಡ್ಡ ಬಿಟ್ಟು ಕೊಂಬಿನ ಟೋಪಿ ಹಾಕುವುದೊಂದೇ ಉಳಿದಿದೆ ಎಂದು ಜನ ನಕ್ಕರು. ಆದರೂ ಪ್ರವಾಸಿಗರು ಅಂಗಡಿಗೆ ಬಂದು ವಿಚಾರಿಸಿದಾಗ ಬ್ಲಾಂಚ್, "ಎತ್ತರದವಳೇ. ನಮ್ಮ ಬಾಗಿಲಿಗೆ ತಲೆ ತಾಗ್ತಿತ್ತು," ಎಂದಳು. ಅವಳೂ ಸುಳ್ಳು ಹೇಳುವವಳಲ್ಲ. ಹ್ಯೂಬರ್ಟ್ ಮಾತ್ರ ತೋಟದಲ್ಲಿ ತಾನು ಕೂರುವ ಉಪ್ಪುಮೀನಿನ ಡಬ್ಬವನ್ನು ತಿರುಗಿಸಿ, ಬೆನ್ನು ಈ ಕಡೆ ಮಾಡಿ ಕೂತ.

ರಾಜಧಾನಿಯ ಪುರಾತತ್ವ ಕಚೇರಿಯಿಂದ ಡಾಕ್ಟರ್ ಲೆನೋರಾ ವಿಟನ್ ಬಂದದ್ದು ಸೆಪ್ಟೆಂಬರಿನಲ್ಲಿ, ಎಸಾವ್ ಹಲ್ಲು ಕೀಳಿಸಲು ಹೋಗಿದ್ದ ದಿನ. ವಾಪಸು ಬಂದು ನೋಡಿದರೆ ದಿಬ್ಬದ ಸುತ್ತ ಕಿತ್ತಳೆ ಬಣ್ಣದ ಹಗ್ಗ, ಬೇಲಿಗೆ ಒಂದು ಪ್ರಕಟಣೆ:

"ಸದರಿ ದಿಬ್ಬವು ಪ್ರಾಕ್ತನ ಮಹತ್ವವುಳ್ಳದ್ದಾಗಿರಬಹುದೆಂಬ ಸಾರ್ವಜನಿಕ ವರದಿಗಳ ಹಿನ್ನೆಲೆಯಲ್ಲಿ, ಸದರಿ ದಿಬ್ಬ ಹಾಗೂ ಅದರ ಸುತ್ತಣ ಇಪ್ಪತ್ತು ಮೀಟರ್ ಪರಿಧಿಯೊಳಗೆ ಅಗೆಯುವುದು, ಬಗೆಯುವುದು, ಕೆದಕುವುದು, ಕೀಳುವುದೇ ಮೊದಲಾದ ಸಕಲ ಕ್ರಿಯೆಗಳನ್ನು ಮುಂಬರುವ ವಸಂತದ ಪರಿಶೀಲನೆಯವರೆಗೆ ನಿಷೇಧಿಸಲಾಗಿದೆ."

ಮುಂಬರುವ ವಸಂತಕ್ಕೆ ಪರಿಶೀಲನೆ, ಮುಂಬರುವ ಭಾನುವಾರಕ್ಕೆ ಇಬ್ಬನಿ. ಇಬ್ಬನಿಯೆಂದರೆ ಎಲೆಯ ಮೇಲೆ ಮುತ್ತಾಗಿ ಕೂರುವ ಕವಿಗಳ ಇಬ್ಬನಿಯಲ್ಲ, ಮಣ್ಣನ್ನೇ ಕಲ್ಲು ಮಾಡುವಂಥದ್ದು. ರೇಡಿಯೋದವನು ಹೇಳಿಬಿಟ್ಟಿದ್ದ. ಮೂರು ಪಾತಿಗಳಲ್ಲಿ ನೆಲದೊಳಗೆ ಕೂತದ್ದು ಡಾರ್ಕಸ್ಸಳ ನೀಲಿ ಸಿಪ್ಪೆಯ ಆಲೂಗಡ್ಡೆ. ಮದುವೆಯಾಗಿ ಬರುವಾಗ ತಾಯಿಮನೆಯಿಂದ ಸೆರಗಿನಲ್ಲಿ ಅಲ್ಲದಿದ್ದರೂ ಕೋಟಿನ ಜೇಬಿನಲ್ಲಿ ತಂದದ್ದು. ವರ್ಷ ವರ್ಷ ಬೆಳೆದದ್ದರಲ್ಲೇ ಬೀಜ ಎತ್ತಿಟ್ಟು ಉಳಿಸಿದ್ದು. ಅಂಗಡಿಯಲ್ಲಿ ಸಿಗುವುದಲ್ಲ. ಈ ಭಾನುವಾರದೊಳಗೆ ಕೀಳದಿದ್ದರೆ ಆ ಬೀಜ ಲೋಕದಲ್ಲೇ ಇಲ್ಲ. ಅವಳದೆನ್ನುವ ಜೀವವಿರುವ ವಸ್ತು ಎಸಾವನ ಪಾಲಿಗೆ ಉಳಿದಿದ್ದು ಅದೊಂದೇ.

ಇಪ್ಪತ್ತು ಮೀಟರಿನ ಹಗ್ಗ ಹ್ಯೂಬರ್ಟನ ತೋಟವನ್ನೂ ಸುತ್ತಿಕೊಂಡಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಹಗ್ಗಕ್ಕೆ ಬಿದ್ದರು. ಹ್ಯೂಬರ್ಟ್ ಪ್ರಕಟಣೆ ಓದಿ, ಡಬ್ಬ ಎತ್ತಿ ಟ್ರಕ್ಕಿಗೆ ಹಾಕಿಕೊಂಡು ಹೊರಟುಹೋದ.

ಎಸಾವ್ ಕಚೇರಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡ. ವೈಕಿಂಗಮ್ಮನೂ ಇಲ್ಲ, ಯಾರೂ ಇಲ್ಲ, ಅದು ನನ್ನ ಹೆಂಡತಿಯ ಆಲೂಗಡ್ಡೆ ಪಾತಿ ಎಂದ. ಡಾಕ್ಟರ್ ವಿಟನ್ ಒಳ್ಳೆಯ ಹುಡುಗಿ. ಸ್ಥಳೀಯರು ಜಮೀನು ಬಿಟ್ಟುಕೊಡಲು ಮನಸ್ಸಿಲ್ಲದೆ ಹೀಗೆ ಹೇಳುವುದು ಸಹಜವೆಂದು ಬಹಳ ಮರ್ಯಾದೆಯಿಂದ ಸಮಾಧಾನ ಹೇಳಿದಳು. ಜುಲೈಯಲ್ಲಿ ಅರ್ಧ ಮಾತಿಗೆ ನಂಬಿದ ಲೋಕ ಈಗ ಪೂರ್ತಿ ಮಾತಿಗೆ ಸಾಕ್ಷಿ ಕೇಳಿತು. ಶುಕ್ರವಾರ ತಾನು ಮತ್ತೆ ಆ ದಾರಿಯಲ್ಲಿ ಬರುತ್ತೇನೆ, ಪಕ್ಕದ ಜಾಗ ಸಾಗುವಳಿ ಮಾಡುವವರು ಯಾರಾದರೂ ಸ್ಥಳದಲ್ಲಿ ನಿಂತು ಹೇಳಿಕೆ ಕೊಟ್ಟು ಸಹಿ ಹಾಕಿದರೆ ನೋಡೋಣ ಎಂದಳು.

"ಪಕ್ಕದವರು ಇದಾರೆ ತಾನೆ?"

"ಇದಾರೆ," ಎಂದ ಎಸಾವ್. "ಹತ್ತೇ ಅಡಿ."

ಕೆಟಲ್ ಟಿಕಲಿನಲ್ಲಿ ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಒಳಗೆ ಹೋಗುವುದು, ಒಲೆಯ ಪಕ್ಕ ಕೂರುವುದು. ಬಾಗಿಲು ತಟ್ಟುವವರು ಮೂರೇ ಬಗೆ: ಪೊಲೀಸರು, ದಾರಿ ತಪ್ಪಿದ ಪ್ರವಾಸಿಗರು, ಸಾವಿನ ಸುದ್ದಿ ತಂದ ಪಾದ್ರಿ. ಎಸಾವ್ ನಲವತ್ತು ವರ್ಷ ಹ್ಯೂಬರ್ಟನ ಅಡುಗೆಮನೆಗೆ ಗಾಳಿಯಂತೆ ನುಗ್ಗಿದವನು. ಗುರುವಾರ ಮಧ್ಯಾಹ್ನ ಆ ಮನೆಯ ಮುಂಗೋಣೆಯಲ್ಲಿ ನಿಂತು, ಈ ಬಾಗಿಲು ತನಗೆ ಯಾವ ಬಗೆಯದೆಂದು ತಿಳಿಯದೆ ಬೂಟು ಒರೆಸಿದ. ಮತ್ತೆ ಒರೆಸಿದ. ಒಳಗಿನ ಮಾತು ಕೇಳುತ್ತಿತ್ತು.

"ಮುಂಗೋಣೇಲಿ ಯಾರೋ ಉಸಿರು ಬಿಡ್ತಿದಾರೆ," ಎಂದಳು ಹ್ಯೂಬರ್ಟನ ತಂಗಿ ಎಫಿ.

"ಮೂಸ್ ಇರ್ಬೇಕು," ಎಂದ ಹ್ಯೂಬರ್ಟ್.

"ಮೂಸ್ ಇಷ್ಟು ಹೊತ್ತು ಬೂಟು ಒರೆಸಲ್ಲ."

ಎಸಾವ್ ಬಾಗಿಲು ತಟ್ಟಿದ. ಒಳಗೆ ಬಟ್ಟಲೊಂದು ನೆಲಕ್ಕೆ ಬಿತ್ತು. ಎಫಿ ಎದೆ ಹಿಡಿದುಕೊಂಡು ಬಂದು ಬಾಗಿಲು ತೆರೆದು, ಯಾರು ಹೋದರು ಎಂದು ಕೇಳಿದಳು. ಯಾರೂ ಹೋಗಿಲ್ಲ, ನಾನೇ ಬಂದೆ ಎಂದ ಎಸಾವ್. ಅವಳ ಹಿಂದೆ, ಆರಡಿ ದೂರದಲ್ಲಿ ಮೇಜಿನ ಮುಂದೆ ಹ್ಯೂಬರ್ಟ್ ಕಿಟಕಿ ನೋಡುತ್ತ ಕೂತಿದ್ದ.

"ಎಫಿ, ಯಾರೋ ಪರಸ್ಥಳದವರು. ವೈಕಿಂಗರ ಜಾಗಕ್ಕೆ ದಾರಿ ಕೇಳ್ತಿರಬೇಕು. ನೇರ ಹೋಗೋಕೆ ಹೇಳು."

ಎಫಿ ಅಣ್ಣನ ಮಾತನ್ನು ಎಸಾವನಿಗೆ, ಎಸಾವನ ಮಾತನ್ನು ಅಣ್ಣನಿಗೆ ದಾಟಿಸತೊಡಗಿದಳು. ಮೂವರ ಭಾಷೆಯೂ ಒಂದೇ, ಕಿವಿಯೂ ಗಟ್ಟಿ. ಆದರೂ ದುಭಾಷಿಯಿಲ್ಲದೆ ಮಾತು ಸಾಗುವಂತಿರಲಿಲ್ಲ. ಹೇಳಿಕೆ ಬೇಕು, ಸಹಿ ಬೇಕು, ಭಾನುವಾರ ಇಬ್ಬನಿ, ಡಾರ್ಕಸ್ಸಳ ಬೀಜ, ಎಲ್ಲವನ್ನೂ ಎಫಿ ದಾಟಿಸಿದಳು. ಕಿಟಕಿಯಿಂದ ಕಣ್ಣು ತೆಗೆಯದೆ ಹ್ಯೂಬರ್ಟ್ ಹೇಳಿದ.

"ಕೇಳು ಎಫಿ, ಅವರಿಗೆ ಗೊತ್ತಿದೆಯೋ ಇಲ್ಲವೋ. ಸಹಿ ಕೇಳ್ತಿರೋದು ಕಳ್ಳನ ಹತ್ರ."

ಎಫಿ ಇದನ್ನು ದಾಟಿಸಲಿಲ್ಲ. ಎಸಾವ್ ಬೂಟು ನೋಡಿಕೊಂಡು ನಿಂತ. ಅವನ ಬಾಯಲ್ಲಿ ಬಂದದ್ದು ಗಾಳಿ ವಾಯವ್ಯದಿಂದ ಎಂಬ ಮಾತು. ಅದನ್ನೇ ಹೇಳಿ ಮನೆಗೆ ಹೋದ.

ಶುಕ್ರವಾರ ಬೆಳಿಗ್ಗೆ ಹಗ್ಗದ ಬಳಿ ಡಾಕ್ಟರ್ ವಿಟನ್ ಇದ್ದಳು, ಎಸಾವ್ ಇದ್ದ, ಅಂಗಡಿ ಮುಚ್ಚಿ ಫ್ಲಾಸ್ಕ್ ಸಮೇತ ಬಂದ ಬ್ಲಾಂಚ್ ಇದ್ದಳು, ಬೇರೆ ಕೆಲಸವಿಲ್ಲದ ಅರ್ಧ ಊರಿತ್ತು. ಸಾಕ್ಷಿ ಇರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಡಾಕ್ಟರ್ ಪುಸ್ತಕ ಮುಚ್ಚುವ ಹೊತ್ತಿಗೆ ಹ್ಯೂಬರ್ಟನ ಟ್ರಕ್ಕು ಬಂದು ನಿಂತಿತು. ಇಳಿದವನು ಎಸಾವನ ಕಡೆ ನೋಡದೆ, ಏನು ಕೇಳುತ್ತೀರೋ ಕೇಳಿ ಎಂದ.

"ಈ ದಿಬ್ಬ ಮಾಡಿದ್ದು ಯಾರು?"

"ಡಾರ್ಕಸ್ಸಳ ಪಾತಿ ಇದು. ಇವನ ಹೆಂಡತಿ."

ಡಾಕ್ಟರ್ ತನ್ನ ಕಡತ ತೆರೆದು, ಜನರ ವರದಿಯಲ್ಲಿ ಎತ್ತರದ, ಹಾಡುವ ಹೆಂಗಸಿನ ಉಲ್ಲೇಖವಿದೆ ಎಂದಳು.

"ಹಾಡ್ತಿದ್ದಳು," ಎಂದ ಹ್ಯೂಬರ್ಟ್. "ಶ್ರುತಿ ಇರಲಿಲ್ಲ. ಗಟ್ಟಿಯಾಗಿ ಹಾಡ್ತಿದ್ದಳು, ಅಷ್ಟೆ."

ಯಾರೂ ನಗಲಿಲ್ಲ. ಒಂದು ಕಾರು ನಿಲ್ಲದೆ ಹೋಯಿತು.

ಡಾಕ್ಟರ್ ಸಹಿ ಹಾಕಿಸಿಕೊಂಡಳು. ಆದರೆ ಕಡತ ಮುಚ್ಚಬೇಕಾದರೆ ದಿಬ್ಬದಲ್ಲಿ ಒಂದೇ ಒಂದು ಗುಂಡಿ ತೋಡಿ ನೋಡಲೇಬೇಕು ಎಂದಳು. ಎಸಾವ್ ದಿಬ್ಬ ನೋಡಿದ. ಹನ್ನೊಂದು ವರ್ಷ ತಾನು ಗುದ್ದಲಿ ಹಾಕದ ಪಾತಿ. ಆಗಲಿ ಎಂದು ತಲೆಯಾಡಿಸಿದ. ಆಕೆ ದಾರ ಕಟ್ಟಿ ಚೌಕ ಮಾಡಿ, ಮೊಣಕಾಲೂರಿ, ಅಂಗೈಯಗಲದ ಕರಣೆಯಿಂದ ಹುಲ್ಲು ಬಿಡಿಸಿ, ಮಣ್ಣನ್ನು ಮಗುವಿನ ತಲೆ ಬಾಚಿದಂತೆ ಬಾಚತೊಡಗಿದಳು. ಆಲೂಗಡ್ಡೆ ಪಾತಿಗೆ ಇಷ್ಟು ಮರ್ಯಾದೆಯನ್ನು ಊರಿನವರು ಕಂಡಿರಲಿಲ್ಲ. ಇದೇ ವೇಗದಲ್ಲಿ ಹೋದರೆ ಕ್ರಿಸ್ಮಸ್ಸಿಗೆ ಸಾರು ಎಂದು ಬ್ಲಾಂಚ್ ಪಿಸುಗುಟ್ಟಿದಳು.

ಅರ್ಧ ಗಂಟೆಯಾದ ಮೇಲೆ ಕರಣೆ ಠಣ್ ಎಂದಿತು.

ಡಾಕ್ಟರ್ ಕರಣೆ ಕೆಳಗಿಟ್ಟಳು. ಆಕೆ ಕುಂಚ ಹಿಡಿದಳು. ಒಣಗಿ ಕಪ್ಪಾದ ಕಡಲಪಾಚಿಯ ಪದರದ ಕೆಳಗೆ ತುಕ್ಕು ಹಿಡಿದ ಕಬ್ಬಿಣ ಕಂಡಿತು. ಒಂದು ಹಲ್ಲು. ಎರಡು. ನಾಲ್ಕು. ಹಿಡಿ ಕೊಳೆತು ಹೋಗಿತ್ತು, ಕತ್ತಿನಲ್ಲಿ ಸುತ್ತಿದ ತಾಮ್ರದ ತಂತಿ ಮಾತ್ರ ಹಸಿರಾಗಿ ಉಳಿದಿತ್ತು. ಆ ತಂತಿ ಸುತ್ತಿದ್ದು ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಡಿ ಬಿರುಕು ಬಿಟ್ಟಿದೆಯೆಂದು ಡಾರ್ಕಸ್ ತೋರಿಸಿದಾಗ, ದೋಣಿಯ ಸಾಮಾನಿನಿಂದ ತಂತಿ ತಂದು ಬಿಗಿದು ಕೊಟ್ಟವನು ಹ್ಯೂಬರ್ಟ್. ಮುಚ್ಚಿದವನು ಯಾರೆಂದು ಎಸಾವನಿಗೆ ಈಗ ಗೊತ್ತಾಯಿತು. ಗಾಡಿಗಟ್ಟಲೆ ಪಾಚಿ ಸುರಿದವನು ತಾನೇ, ಕೆಳಗೇನಿದೆ ಎಂದು ನೋಡಿದವನಲ್ಲ.

ಡಾಕ್ಟರಿಗೆ ಇದೊಂದೂ ಗೊತ್ತಿಲ್ಲ. ಆಕೆ ಕಣ್ಣು ಕಿರಿದು ಮಾಡಿ, ತುಕ್ಕಿನ ಮೇಲಿಂದ ಕಾಲ ನಿರ್ಣಯ ಕಷ್ಟ, ಪ್ರಯೋಗಾಲಯಕ್ಕೆ ಕಳಿಸಿದರೂ ಹತ್ತಿಪ್ಪತ್ತು ವರ್ಷ ಹೆಚ್ಚು ಕಡಿಮೆಯಾಗಬಹುದು ಎಂದಳು.

"ಹನ್ನೊಂದು ವರ್ಷ," ಎಂದ ಹ್ಯೂಬರ್ಟ್, ಹಗ್ಗದ ಆಚೆಯಿಂದ. "ಬರೋ ಮಂಗಳವಾರಕ್ಕೆ ಪೂರ್ತಿಯಾಗುತ್ತೆ."

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಡಾಕ್ಟರ್ ಕೇಳಿದಳು. ಅರ್ಧ ಊರು ಕಡಲು ನೋಡಿತು.

"ಹ್ಯೂಬರ್ಟ್," ಎಂದ ಎಸಾವ್. ಆ ಹೆಸರು ಅವನ ಬಾಯಲ್ಲಿ ಹಳೆಯ ಬಾಗಿಲಿನಂತೆ ಕಿರುಗುಟ್ಟಿತು.

"ಕೇಳಿಸ್ತು," ಎಂದ ಹ್ಯೂಬರ್ಟ್.

ಅವನು ಹಗ್ಗ ಎತ್ತಿ ಬಗ್ಗಿ ಒಳಗೆ ಬಂದ. ಡಾಕ್ಟರಳ ಮುಂದೆ ಕೈಚಾಚಿ, ಕವೆಗುದ್ದಲಿಯನ್ನು ತಾನು ಒಯ್ಯುತ್ತೇನೆ ಎಂದ. ಅದು ಎಸಾವ್ ಅವರ ಸೊತ್ತಲ್ಲವೇ ಎಂದು ಆಕೆ ಗಲಿಬಿಲಿಗೊಂಡಳು.

"ಹೌದು, ಅದಕ್ಕೇ," ಎಂದ ಹ್ಯೂಬರ್ಟ್. "ಶಿಕ್ಷೆ ಮುಗಿಸಿ ಆಯ್ತು ತಾಯೀ. ಕದಿಯೋದೊಂದು ಬಾಕಿ ಇತ್ತು."

ಅರ್ಧ ಊರಿನ ಎದುರು, ಹಾಡಹಗಲೇ, ಹೆದ್ದಾರಿ ಬದಿಯ ಐವತ್ತು ವರ್ಷದ ಇತಿಹಾಸದಲ್ಲಿ ಮೊದಲ ಕಳ್ಳತನ ನಡೆಯಿತು. ಟ್ರಕ್ಕು ಹೋದ ಮೇಲೆ ಡಾಕ್ಟರ್ ತಾನೇ ಹಗ್ಗ ಬಿಚ್ಚಿ ಸುತ್ತಿಟ್ಟಳು.

ಶನಿವಾರ ಬೆಳಿಗ್ಗೆ ಎಸಾವ್ ಸಲಿಕೆಯಿಂದ ಅಗೆಯಲು ಹೋಗಿ ಮೊದಲ ಸಾಲಿನಲ್ಲೇ ಐದು ನೀಲಿ ಗಡ್ಡೆಗಳನ್ನು ಎರಡೆರಡು ಹೋಳು ಮಾಡಿದ. ಸಲಿಕೆ ಕೆಳಗಿಟ್ಟು ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತ. ಪಕ್ಕದ ಕುರ್ಚಿ ಖಾಲಿ. ಪ್ರವಾಸಿಗರ ಕಾಲ ಮುಗಿದಿತ್ತು, ರಸ್ತೆಯ ಎರಡು ತುದಿಯೂ ಬರಿದಾಗಿತ್ತು. ಎದ್ದು ಗಾಡಿ ಹತ್ತಿ ಹದಿನಾಲ್ಕು ಕಿಲೋಮೀಟರು ವಾಪಸು ಹೋದ.

ಮುಂಗೋಣೆಯಲ್ಲಿ ಬೂಟು ಒರೆಸಲಿಲ್ಲ. ಬಾಗಿಲು ತಳ್ಳಿ ಒಳಗೆ ನಡೆದ. ಹ್ಯೂಬರ್ಟ್ ಒಲೆಯ ಪಕ್ಕ ಕೂತು ಬರ್ಚ್ ಮರದ ಹೊಸ ಹಿಡಿಯನ್ನು ನಾಲ್ಕು ಹಲ್ಲಿನ ಕಬ್ಬಿಣಕ್ಕೆ ಕೂರಿಸಿ, ಅದರ ಕತ್ತಿನ ಸುತ್ತ ಹೊಸ ತಂತಿ ಬಿಗಿಯುತ್ತಿದ್ದ. ಎಫಿ ಏನೂ ಕೇಳದೆ ಮೂರನೆಯ ಬಟ್ಟಲು ಇಳಿಸಿದಳು.

"ಬಾಗಿಲು ಹಾಕೋ ಮಾರಾಯ," ಎಂದ ಹ್ಯೂಬರ್ಟ್, ತಲೆಯೆತ್ತದೆ. "ಚಳಿ ಒಳಗೆ ಬರ್ತಿದೆ."